ಎಕ್ಸ್‌ಟ್ರಾ ಕೂಲಿಂಗ್ ಮತ್ತು ಅಕ್ಕನ ಗ್ಯಾರೇಜ್

ಅಕ್ಕ ನನಗೆ ಒಂದೇ ಒಂದು ಕೆಲಸ ಹೇಳಿದ್ದಳು. ನಾನು ಅದನ್ನು ಮಾಡಲಿಲ್ಲ. ಅದರ ಬದಲಿಗೆ ಅವಳು ಹೇಳದ ಹತ್ತಾರು ಕೆಲಸ ಮಾಡಿದೆ, ಅವನ್ನೆಲ್ಲ ಬಹಳ ಚೆನ್ನಾಗಿಯೇ ಮಾಡಿದೆ. ಹೇಳಿದ್ದನ್ನು ಬಿಟ್ಟು ಹೇಳದ್ದನ್ನು ಶ್ರದ್ಧೆಯಿಂದ ಮಾಡುವವರದ್ದೇ ಒಂದು ಪಂಗಡವಿದೆ. ಅಂಥವರಿಗೆ ಬೈಯುವುದೂ ಕಷ್ಟ. ಬೈಯಲು ಬಾಯಿ ತೆರೆಯುವ ಹೊತ್ತಿಗೆ ಅವರು ಹಣೆಯ ಬೆವರು ಒರೆಸಿಕೊಳ್ಳುತ್ತಾ ಎದುರಿಗೆ ನಿಂತಿರುತ್ತಾರೆ. ನಾನು ಆ ಪಂಗಡದ ಹಳೆಯ ಸದಸ್ಯ.

ಅಕ್ಕ ಹೇಳಿದ್ದು ಹೊಸ ಕಾರು ಕೊಳ್ಳಲೆಂದು ತನ್ನ ಹಳೆಯ ಕಾರನ್ನು ಮಾರುವ ಸಂದರ್ಭದಲ್ಲಿ. ನಾನು ದೋಹಾದಲ್ಲಿ ಕಾರಿಗೆ ಸೀಟ್ ಕವರ್, ಮ್ಯಾಟ್, ಸ್ಟಿಕ್ಕರ್ ಹಾಕಿಕೊಡುವ ಅಂಗಡಿಯೊಂದರಲ್ಲಿ ಕೆಲಸ ಮಾಡುವವನು. ಕಾರಿನ ಹೊರಗೆ ಅಂಟಿಸುವುದು, ಒಳಗೆ ಹಾಸುವುದು ಎರಡೂ ಗೊತ್ತಿರುವವನಿಗೆ ನಡುವೆ ಇರುವುದೆಲ್ಲ ತಾನಾಗಿ ಗೊತ್ತಿರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ನಾನು ಆ ನಂಬಿಕೆಗೆ ಎಂದೂ ಧಕ್ಕೆ ತಂದವನಲ್ಲ. ಅಸಲಿಗೆ 'ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಯಿಂದ ಬರುವುದೇ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಯಾವ ನದಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೂ ತಟ್ಟನೆ ಎದ್ದು ಒಂದು ಊರಿನ ಹೆಸರು ಹೇಳಿಬಿಡುತ್ತಿದ್ದೆ. ನನ್ನ ಲೆಕ್ಕದಲ್ಲಿ ದಕ್ಷಿಣ ಭಾರತದ ಮುಕ್ಕಾಲು ನದಿಗಳು ಕಾರ್ಕಳದಲ್ಲಿ ಹುಟ್ಟುತ್ತಿದ್ದವು. ಎಂಟನೇ ಕ್ಲಾಸಿನ ನಂತರ ಶಾಲೆಗೂ ನನಗೂ ಸಂಬಂಧ ಕಡಿಯಿತು. ಅಭ್ಯಾಸ ಮಾತ್ರ ನನ್ನ ಜೊತೆಗೇ ಕತಾರಿಗೆ ಬಂತು.

ನನ್ನನ್ನು ಕತಾರಿಗೆ ಕರೆಸಿಕೊಂಡದ್ದೂ ಅಕ್ಕನೇ. ವಾರಿಜಕ್ಕ ಎಂದರೆ ದೋಹಾದಲ್ಲಿರುವ ನಮ್ಮೂರಿನವರ ಸಂಘದಲ್ಲಿ ಎಲ್ಲರಿಗೂ ಗೊತ್ತು. ಬಿನ್ ಒಮ್ರಾನ್ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಬಾಗಿಲಲ್ಲಿ ಕಂಡ ರೋಗಿಯ ಹೆಸರು, ಅವನ ಹೆಂಡತಿಯ ಹೆಸರು, ಕಳೆದ ಸಲ ಯಾವ ಹಲ್ಲು ನೋಯುತ್ತಿತ್ತು ಎಂಬುದನ್ನು ಕಂಪ್ಯೂಟರ್ ತೆರೆಯುವ ಮೊದಲೇ ಹೇಳಿಬಿಡುವವಳು. ಭಾವ ಹಮದ್ ಬಂದರಿನಲ್ಲಿ ಕಂಟೇನರುಗಳ ಕಾಗದ ಪತ್ರ ನೋಡುವವರು. ಅವರಿಗೊಬ್ಬಳು ಹತ್ತನೇ ಕ್ಲಾಸಿನ ಮಗಳು, ದೀಕ್ಷಾ. ಅಲ್ ಅಜೀಜಿಯಾದ ಒಂದು ವಿಲ್ಲಾದ ಅರ್ಧ ಭಾಗದಲ್ಲಿ ಅವರ ಸಂಸಾರ, ಪಕ್ಕದ ಕೋಣೆಯಲ್ಲಿ ನಾನು. ವಿಲ್ಲಾಕ್ಕೆ ಒಂದು ಗ್ಯಾರೇಜ್ ಉಂಟು. ಅದರಲ್ಲಿ ಕಾರಿಗಿಂತ ಹೆಚ್ಚಾಗಿ ಮೀನಿನ ಫ್ರೀಜರ್, ಕುಚ್ಚಲಕ್ಕಿಯ ಮೂಟೆ, ತೆಂಗಿನಕಾಯಿ ತುರಿಯುವ ಮಣೆ, ದೀಕ್ಷಾಳ ಸೈಕಲ್ ವಾಸವಾಗಿವೆ. ಗ್ಯಾರೇಜಿನ ಒಳಗಿನಿಂದಲೇ ಅಡುಗೆಮನೆಗೆ ಒಂದು ಬಾಗಿಲು. ಅದಕ್ಕೆ ಚಿಲಕ ಹಾಕುವ ಪದ್ಧತಿಯೇ ಇಲ್ಲ. ಮುಂದೆ ಅಷ್ಟು ದೊಡ್ಡ ಶಟರ್ ಇರುವಾಗ ಇದಕ್ಕೆ ಯಾಕೆ ಎಂದು.

ಶಟರ್ ರಿಮೋಟಿನದ್ದು. ಅಕ್ಕನ ಹಳೆಯ ಕಾರಿಗೆ ರಿಮೋಟೂ ಬೇಕಾಗಿರಲಿಲ್ಲ. ಒಳಗಿನ ಕನ್ನಡಿಯ ಕೆಳಗೆ ಮೂರು ಸಣ್ಣ ಬಟನ್, ಒಂದೊಂದರ ಮೇಲೂ ಪುಟ್ಟ ಮನೆಯ ಚಿತ್ರ. ಯಾವ ಬಾಗಿಲು ತೆರೆಯಬೇಕೆಂದು ಒಮ್ಮೆ ಕಲಿಸಿದರೆ ಸಾಕು, ಆ ಬಟನ್ ಜನ್ಮದಲ್ಲಿ ಮರೆಯುವುದಿಲ್ಲ. ಓಣಿಯೊಳಗೆ ಬರುತ್ತಾ ನಡುವಿನದನ್ನು ಒತ್ತಿದರೆ ಶಟರ್ ಮೇಲೆ, ಮತ್ತೊಮ್ಮೆ ಒತ್ತಿದರೆ ಕೆಳಗೆ. ಕಾರನ್ನು ನನಗೆ ಒಪ್ಪಿಸುವಾಗ ಅಕ್ಕ ಹೇಳಿದ್ದು ಇಷ್ಟೇ. (ಮನೆಯಲ್ಲಿ ನಾವು ಆಡುವುದು ತುಳು, ಇಲ್ಲಿ ಕನ್ನಡ ಮಾಡಿದ್ದೇನೆ.)

"ಸುಧಾ, ಆ ಕನ್ನಡಿಯ ಬಟನ್ ಅಳಿಸಿ ಕೊಡು ಮಾರಾಯ. ಇಲ್ಲದಿದ್ರೆ ಕಾರು ತೆಗೊಂಡವನ ಕೈಯಲ್ಲಿ ನಮ್ಮ ಮನೆ ಕೀ ಕೊಟ್ಟ ಹಾಗೆ."

"ಅದೆಂತ ದೊಡ್ಡ ಕೆಲಸ ಅಕ್ಕ!" ಎಂದೆ.

ಕಾರು ಮಾರುವಾಗ ಮೊದಲು ದೇವರನ್ನು ಇಳಿಸಬೇಕು. ಇದು ನಮ್ಮವರ ಕ್ರಮ. ಡ್ಯಾಶ್‌ಬೋರ್ಡಿನಲ್ಲಿ ಕೂತು ಅಷ್ಟು ವರ್ಷ ಕಾಪಾಡಿದವನನ್ನು ಕಾರಿನ ಜೊತೆ ಪರರಿಗೆ ಮಾರಿಬಿಟ್ಟರೆ ಒಳ್ಳೆಯದಾಗುತ್ತದೆಯೇ? ನಾನು ಶುಕ್ರವಾರ ಬೆಳಿಗ್ಗೆ ಮಿಂದು, ಊದುಬತ್ತಿ ಹಚ್ಚಿ, ಅಪ್ಪಣೆ ಕೇಳಿ, ಹಿತ್ತಾಳೆಯ ಪುಟ್ಟ ಗಣಪತಿಯನ್ನು ಬ್ಲೇಡಿನಿಂದ ಅಂಟು ಬಿಡಿಸಿ ಇಳಿಸಿದೆ. ಅವನನ್ನು ಗ್ಯಾರೇಜಿನ ಫ್ರೀಜರಿನ ಮೇಲೆ ಕೂರಿಸಿದೆ. ಸ್ಟೇರಿಂಗಿನ ಕುಂಕುಮ ಒರೆಸಿದೆ. ಲಿಂಬೆ ಮೆಣಸು ಬಿಚ್ಚಿದೆ. ಸೀಟಿನಡಿಯಿಂದ ಅಕ್ಕನ ಕಳೆದುಹೋದ ಬೆಂಡೋಲೆಯನ್ನೂ ಹುಡುಕಿಕೊಟ್ಟೆ. "ಎಷ್ಟು ಚಂದ ಕ್ಲೀನ್ ಮಾಡಿದ ನೋಡಿ!" ಎಂದು ಅಕ್ಕ ಭಾವನಿಗೆ ತೋರಿಸಿದಳು. ಹೀಗೆ ಕಾರಿನೊಳಗಿಂದ ದೇವರನ್ನು ಇಳಿಸಿದೆ, ಮನೆಯನ್ನು ಇಳಿಸಲಿಲ್ಲ.

ಪ್ರಯತ್ನ ಮಾಡಲಿಲ್ಲ ಎಂದಲ್ಲ. ನಡುವಿನ ಬಟನ್ನನ್ನು ಒತ್ತಿದೆ, ತಟ್ಟಿದೆ, ಎಳೆದೂ ನೋಡಿದೆ. ಶಟರ್ ಮೇಲೆ ಹೋಗಿ ಕೆಳಗೆ ಬಂತು. ಕಾರಿನ ಪುಸ್ತಕ ತೆರೆದೆ. ಅಂಗಡಿ ಬೋರ್ಡಿನ ಇಂಗ್ಲಿಷ್ ಆದರೆ ಓದುತ್ತೇನೆ. ಇದು ತಲೆದಿಂಬಿನಷ್ಟು ದಪ್ಪ, ಅಕ್ಷರ ರಾಗಿ ಕಾಳಿನಷ್ಟು ಸಣ್ಣ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಕೇಳುವುದೆಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಆಗ ನನ್ನ ಕಸುಬು ನನ್ನ ಸಹಾಯಕ್ಕೆ ಬಂತು. ಅಂಗಡಿಯಿಂದ ಬೆರಳಿನ ಉಗುರಿನಷ್ಟು ದೊಡ್ಡ ಒಂದು ಸ್ಟಿಕ್ಕರ್ ತಂದೆ. ಎಸಿಯ ಮೇಲೆ ಇರುತ್ತದಲ್ಲ, ಮಂಜಿನ ಹೂವಿನ ಚಿತ್ರ, ಅದು. ಅದನ್ನು ಮನೆಯ ಚಿತ್ರದ ಮೇಲೆ ಒಂದು ಗುಳ್ಳೆಯೂ ಏಳದಂತೆ ಅಂಟಿಸಿದೆ. ಮನೆ ಮಾಯ. ಅಳಿಸುವುದೆಂದರೆ ಇನ್ನೇನು?

ಕಾರು ಕೊಂಡವರು ಬಶೀರ್ ಎಂಬ ಸುಡಾನಿನವರು. ಶಾಲೆಯಲ್ಲಿ ಅರಬ್ಬಿ ಪಾಠ ಹೇಳುವ ಮೇಷ್ಟ್ರು, ಬಿಳಿ ಗಡ್ಡ, ಮೆತ್ತಗಿನ ಮಾತು. ಕಾರಿನ ಪ್ರತಿಯೊಂದು ಬಟನ್ನನ್ನೂ ಮುಟ್ಟಿ "ದಿಸ್ ವಾಟ್?" ಎಂದು ಕೇಳಿದರು. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಮಂಜಿನ ಹೂವಿನ ಸರದಿಯೂ ಬಂತು.

"ಕೂಲಿಂಗ್," ಎಂದೆ. "ಎಕ್ಸ್‌ಟ್ರಾ ಕೂಲಿಂಗ್. ಟೂ ಮಚ್ ಹಾಟ್, ಯು ಪ್ರೆಸ್."

"ಮಾಶಾಅಲ್ಲಾ," ಎಂದು ಮೆಚ್ಚಿದರು.

ಆಗ ಅವರು ಇದ್ದದ್ದು ದೂರದ ಬಿನ್ ಒಮ್ರಾನಿನಲ್ಲಿ. ಅಲ್ಲಿ ಒತ್ತಿದರೆ ಇಲ್ಲಿಗೆ ಎಲ್ಲಿ ಮುಟ್ಟುತ್ತದೆ ಎಂದು ನನಗೆ ನೆಮ್ಮದಿ. ಆದರೆ ಕಾರಿನ ಕಾಗದ ವರ್ಗಾಯಿಸುವ ದಿನ ಅವರು ಮಾತಿಗೆ ಮಾತು ಬಂದು, ಮಕ್ಕಳ ಶಾಲೆಗೆ ಹತ್ತಿರ ಅಲ್ ಅಜೀಜಿಯಾ ಕಡೆ ಮನೆ ಸಿಗಬಹುದೇ ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದು ಹೇಳುವವನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ನಮ್ಮ ಓಣಿಯ ಕೊನೆಯಲ್ಲಿ ಖಾಲಿ ಬಿದ್ದಿದ್ದ ಮನೆಗೆ ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಚಳಿಗಾಲ ಮುಗಿಯುವುದರೊಳಗೆ ಬಶೀರ್ ಮೇಷ್ಟ್ರು ಹೆಂಡತಿ ಮಕ್ಕಳೊಂದಿಗೆ ನಮ್ಮ ನೆರೆಯವರಾದರು.

ಚಳಿ ಇರುವಷ್ಟು ದಿನ ಏನೂ ಆಗಲಿಲ್ಲ. ಬಿಸಿಲು ಏರತೊಡಗಿದ ಮೇಲೆ ಒಂದು ದಿನ ಅಕ್ಕ ಕ್ಲಿನಿಕ್ಕಿಗೆ ಹೊರಟು ಅರ್ಧ ದಾರಿ ತಲುಪಿರಬೇಕು, ಪಕ್ಕದ ಭಾಗದ ಬಾಡಿಗೆದಾರ ಫೋನ್ ಮಾಡಿ ನಿಮ್ಮ ಶಟರ್ ತೆರೆದೇ ಇದೆ ಎಂದ. ಅಕ್ಕ ವಾಪಸು ಬಂದು ನೋಡಿದರೆ ಹೌದು. ಓಣಿಯ ಬೆಕ್ಕುಗಳೆಲ್ಲ ಒಳಗೆ ಸಭೆ ಸೇರಿವೆ. ಒಣಗಿಸಲಿಟ್ಟ ಬಂಗುಡೆಯ ತಟ್ಟೆಯಲ್ಲಿ ಉಪ್ಪು ಮಾತ್ರ ಉಳಿದಿದೆ.

"ನಾನು ಹಾಕಿದ್ದೇನೆ," ಎಂದಳು ಅಕ್ಕ.

"ಹಾಕಿದ್ರೆ ತೆರೆಯುವುದು ಹೇಗೆ ಮಾರಾಯ್ತಿ?" ಎಂದರು ಭಾವ. "ಸೀಲ್ ಹಾಕಿದ ಕಂಟೇನರ್ ನಡುಸಮುದ್ರದಲ್ಲಿ ಬಾಗಿಲು ತೆರೆದದ್ದು ಉಂಟಾ ಎಲ್ಲಿಯಾದ್ರೂ?"

"ವಯಸ್ಸಾಯ್ತು ಅಕ್ಕನಿಗೆ," ಎಂದು ನಾನೂ ನಗಾಡಿದೆ. ಆಗ ನನಗೂ ವಿಷಯ ಹೊಳೆದಿರಲಿಲ್ಲ, ದೇವರಾಣೆ.

ಮುಂದೆ ಅದು ವಾರಕ್ಕೊಮ್ಮೆ ಆಯಿತು, ಆಮೇಲೆ ದಿನ ಬಿಟ್ಟು ದಿನ. ಬಿಸಿಲು ಏರಿದ ಹಾಗೆ ಅಕ್ಕನ ಮರೆವೂ ಏರಿತು. ಅವಳ ಕ್ಲಿನಿಕ್ಕಿನ ಡಾಕ್ಟರು, ಶಾಖಕ್ಕೆ ತಲೆ ಮಂಕಾಗುವುದುಂಟು, ನೀರು ಕುಡಿಯಿರಿ ಎಂದರು. ಅಕ್ಕ ನೀರು ಕುಡಿದಳು. ಊರಿನಿಂದ ಬರುವವರ ಬ್ಯಾಗಿನಲ್ಲಿ ತಿಮರೆ ತರಿಸಿದಳು. ನೆನಪಿಗೆ ಒಳ್ಳೆಯದೆಂದು ನಮ್ಮಲ್ಲಿ ಮಕ್ಕಳಿಗೆ ತಿನ್ನಿಸುವ ಒಂದೆಲಗದ ಸೊಪ್ಪು ಅದು. ಅವಳೊಬ್ಬಳೇ ತಿಂದರೆ ಚೆನ್ನಾಗಿರುವುದಿಲ್ಲವೆಂದು ಮನೆಮಂದಿಗೆಲ್ಲ ಬೆಳಿಗ್ಗೆ ದೋಸೆಗೂ ತಿಮರೆ ಚಟ್ನಿ, ಮಧ್ಯಾಹ್ನ ಅನ್ನಕ್ಕೂ ತಿಮರೆ ತಂಬುಳಿ. "ಐ ಡೋಂಟ್ ನೀಡ್ ಮೆಮೊರಿ ಅಮ್ಮ, ಐ ಹ್ಯಾವ್ ಫೋನ್," ಎಂದು ದೀಕ್ಷಾ ಅತ್ತರೂ ಬಿಡಲಿಲ್ಲ. ನಮ್ಮೆಲ್ಲರ ನೆನಪು ಎಷ್ಟು ಚುರುಕಾಯಿತೆಂದರೆ ಭಾವನಿಗೆ ತಮ್ಮ ಮದುವೆಯಲ್ಲಿ ತಮ್ಮ ಕಡೆಯವರಿಗೆ ಕೋಳಿಸಾರು ಸಾಕಾಗದೆ ಹೋದದ್ದು ನೆನಪಾಗಿ, ಅವರು ಎರಡು ದಿನ ಅಕ್ಕನೊಡನೆ ಮಾತು ಬಿಟ್ಟರು.

ಹೊರಡುವಾಗ ಅಕ್ಕ ಹೊಸ ಪದ್ಧತಿ ಮಾಡಿದಳು. ಕಾರನ್ನು ಹೊರಗೆ ನಿಲ್ಲಿಸಿ, ಫ್ರೀಜರಿನ ಮೇಲೆ ಕೂತ ಗಣಪತಿಯ ಕಡೆ ತಿರುಗಿ, "ಗಣಪತೀ, ನೋಡು, ಬಾಗಿಲು ಹಾಕ್ತಾ ಇದ್ದೇನೆ. ನೀನೇ ಸಾಕ್ಷಿ," ಎಂದು ಗಟ್ಟಿಯಾಗಿ ಹೇಳಿ ರಿಮೋಟ್ ಒತ್ತುವಳು. ಶಟರ್ ಗಣಪತಿಯ ಮುಖದ ಮುಂದೆ ಇಳಿಯುವುದು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಏರುವುದು. ಗಣಪತಿ ರಸ್ತೆ ನೋಡುತ್ತಾ ಕೂತಿರುವನು.

ನನಗೆ ಸತ್ಯ ಹೊಳೆದದ್ದು ಬಶೀರ್ ಮೇಷ್ಟ್ರು ಹೊಸ ಮ್ಯಾಟ್ ಹಾಕಿಸಲು ಅಂಗಡಿಗೆ ಬಂದ ದಿನ. ಇಳಿದವರೇ ನನ್ನ ಕೈ ಹಿಡಿದು ಕುಲುಕಿದರು. "ಯಾ ಸುಧಾಕರ್! ದಟ್ ಕೂಲಿಂಗ್! ವಲ್ಲಾ, ನಂಬರ್ ವನ್! ಡೈಲಿ ಮಾರ್ನಿಂಗ್ ಕಾರ್ ಲೈಕ್ ತಂದೂರ್. ಐ ಸ್ಟಾರ್ಟ್, ಐ ಪ್ರೆಸ್, ಯುವರ್ ಹೌಸ್ ರೀಚಿಂಗ್, ಫುಲ್ ಕೋಲ್ಡ್!"

ಯುವರ್ ಹೌಸ್ ರೀಚಿಂಗ್. ನನ್ನ ಕೈಯಲ್ಲಿದ್ದ ಮ್ಯಾಟ್ ಕೆಳಗೆ ಬಿತ್ತು.

ಸಂಜೆಯೇ ಅಕ್ಕನಿಗೆ ಹೇಳಿಬಿಡಬೇಕು ಎಂದುಕೊಂಡೆ. ಮನೆಗೆ ಹೋದೆ. ಅಕ್ಕ ತಿಮರೆ ರುಬ್ಬುತ್ತಿದ್ದಳು. ರುಬ್ಬಿದ್ದು ಆಗಲಿ ಎಂದು ಕಾದೆ. ಬಡಿಸಿದಳು, ತಿಂದು ಆಗಲಿ ಎಂದು ಕಾದೆ. ತಿಂದ ಮೇಲೆ, ಇಷ್ಟು ತಿಂಗಳು ನಗಾಡಿದ ಬಾಯಿಂದ ಹೇಗೆ ಹೇಳುವುದು ಎಂದು ಸುಮ್ಮನಾದೆ. ತಪ್ಪು ಒಪ್ಪಿಕೊಳ್ಳುವುದು ಮೀನಿನ ಹಾಗೆ, ತಂದ ದಿನವೇ ಆಗಬೇಕು. ಫ್ರೀಜರಿನಲ್ಲಿ ಇಟ್ಟಷ್ಟೂ ಕಲ್ಲಾಗುತ್ತದೆ. ಭಾವ ಒಂದು ದಿನ, "ಒಂದು ಕ್ಯಾಮೆರಾ ಹಾಕಿಬಿಡುವ, ಗೊತ್ತಾಗ್ತದೆ," ಎಂದರು. ನಾನು ತಕ್ಷಣ, "ಬೇಡ ಭಾವ, ಎದುರು ಮನೆಯ ಹೆಂಗಸರು ಕಾಣ್ತಾರೆ ಅಂತ ಕಂಪ್ಲೇಂಟ್ ಆಗ್ತದೆ. ಕಾನೂನು ಸ್ಟ್ರಿಕ್ಟ್," ಎಂದು ನ್ಯಾಯಾಧೀಶನ ಗತ್ತಿನಲ್ಲಿ ತಡೆದೆ. ಆ ಮನೆಯಲ್ಲಿ ಸತ್ಯ ಗೊತ್ತಿದ್ದವರು ಗಣಪತಿ ಮತ್ತು ನಾನು. ಅವನು ದೇವರು, ಮಾತಾಡದಿದ್ದರೆ ನಡೆಯುತ್ತದೆ.

ನಾನು ನನ್ನದೇ ರೀತಿಯಲ್ಲಿ ಪ್ರಾಯಶ್ಚಿತ್ತವನ್ನೂ ಮಾಡಿಕೊಂಡೆ. ಅಡುಗೆಮನೆಯ ಬಾಗಿಲಿಗೆ ಚಿಲಕ ತಂದು ಹಾಕಿದೆ. ಬೆಳಿಗ್ಗೆ ಅಕ್ಕ ಹೋದ ಮೇಲೆ, ಬಶೀರ್ ಮೇಷ್ಟ್ರು ದಾಟುವವರೆಗೂ ಗೇಟಿನ ಸಂದಿಯಲ್ಲಿ ಅಡಗಿ ಕಾದೆ. ಅವರು ತೆರೆದುಕೊಂಡು ಹೋದ ಕೂಡಲೇ ನಾನು ಮುಚ್ಚಿ ಕೆಲಸಕ್ಕೆ ಓಡಿದೆ. ಇದರಿಂದ ಅಂಗಡಿಗೆ ದಿನಾ ತಡವಾಯಿತು. ಕೆಲವು ದಿನ ಹೊರಗೆ ಸೆಖೆ ಜಾಸ್ತಿಯಾಗಿ ಮೇಷ್ಟ್ರು ಎರಡು ಸಲ ಒತ್ತುತ್ತಿದ್ದರು, ಆಗ ಅದು ತಾನಾಗಿ ತೆರೆದು ತಾನಾಗಿ ಮುಚ್ಚುತ್ತಿತ್ತು. ಅಂಥ ದಿನ ನಾನು ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಎಲ್ಲ ಮುರಿದುಬಿದ್ದದ್ದು ಒಂದು ಶುಕ್ರವಾರ. ನಮ್ಮ ಓಣಿಯ ಆಚೆ ಮಸೀದಿ, ಶುಕ್ರವಾರ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಭಾವ ಕಾರು ತೆಗೆದುಕೊಂಡು ದೀಕ್ಷಾಳ ಜೊತೆ ಹೊರಗೆ ಹೋಗಿದ್ದರು. ನಾನು ಕೋಣೆಯಲ್ಲಿ ಮಲಗಿದ್ದೆ, ರಜೆ ದಿನ ಮೇಷ್ಟ್ರು ಗಾಡಿ ತೆಗೆಯಲಾರರು ಎಂದುಕೊಂಡು. ಬಾಗಿಲು ಬಡಿದು ಅಕ್ಕ ನನ್ನನ್ನು ಎಬ್ಬಿಸಿದಳು. ಅವಳ ಮುಖ ಬಿಳುಚಿತ್ತು.

"ಸುಧಾ," ಎಂದು ಪಿಸುಗುಟ್ಟಿದಳು. "ನಾವು ಪಿಕಪ್ ತೆಗೊಂಡಿದ್ದೇವಾ?"

ಹೋಗಿ ನೋಡಿದೆ. ಮುಚ್ಚಿದ ಶಟರಿನ ಒಳಗೆ, ಫ್ರೀಜರಿಗೂ ಸೈಕಲ್ಲಿಗೂ ನಡುವೆ, ಒಂದು ಬಿಳಿ ಪಿಕಪ್ ತಣ್ಣಗೆ ನಿಂತಿತ್ತು. ಅಷ್ಟರಲ್ಲಿ ಹೊರಗಿನಿಂದ ಯಾರೋ ಶಟರ್ ಗುದ್ದತೊಡಗಿದರು. "ಮದಾಮ್! ಸಯ್ಯಾರಾ! ಮೈ ಕಾರ್ ಇನ್‌ಸೈಡ್!" ತೆರೆದೆವು. ಒಬ್ಬ ದಪ್ಪ ಮನುಷ್ಯ, ನಮಾಜಿಗೆ ತಡವಾಗಿ ಬಂದವನು, ತೆರೆದ ಗ್ಯಾರೇಜು ನೆರಳಾಗಿ ಕಂಡು ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟಿದ್ದಾರೆಂದು ಒಳಗೆ ನಿಲ್ಲಿಸಿ ಹೋಗಿದ್ದ. ಬಂದು ನೋಡಿದರೆ ಮುಚ್ಚಿದೆ. "ಓಪನ್ ಯು ಕೀಪ್, ದೆನ್ ವೈ ಕ್ಲೋಸ್?" ಎಂದು ಅವನು ಅಕ್ಕನನ್ನು ಕೇಳಿದ. ಹೋಗುವಾಗ ಒತ್ತಿ ತೆರೆದವರೂ, ಬರುವಾಗ ಸೆಖೆಗೆ ಮತ್ತೊಮ್ಮೆ ಒತ್ತಿ ಮುಚ್ಚಿದವರೂ ಯಾರೆಂದು ನನಗೆ ಗೊತ್ತಿತ್ತು. ಅಕ್ಕ ಪಿಕಪ್ಪಿಗೆ ದಾರಿ ಬಿಟ್ಟು ಬದಿಗೆ ಸರಿದಳು. "ಸಾರಿ," ಎಂದಳು. ಎರಡು ಸಲ ಹೇಳಿದಳು.

ಸಂಜೆ ಅವಳು ಗ್ಯಾರೇಜಿನಲ್ಲಿ ಅಕ್ಕಿಮೂಟೆಯ ಮೇಲೆ ಕೂತಿದ್ದಳು. ಹೊಸ ಕಾರಿನ ಕೀಯನ್ನು ನನ್ನ ಕೈಗೆ ಇಟ್ಟಳು. "ಇನ್ನು ನೀನೇ ಓಡಿಸು. ನಾಳೆ ಕ್ಲಿನಿಕ್ಕಿನಲ್ಲಿ ಹೇಳ್ತೇನೆ, ಕೆಲಸ ಬಿಡ್ತೇನೆ ಅಂತ. ಒಬ್ಬರ ಮದ್ದಿನ ಚೀಟಿ ಇನ್ನೊಬ್ಬರಿಗೆ ಕೊಟ್ರೆ?"

"ಸುಮ್ನಿರು ಅಕ್ಕ, ಎಂತ ಆಗಿಲ್ಲ ನಿನಗೆ."

"ಅಮ್ಮನಿಗೂ ಹೀಗೇ ಶುರು ಆದದ್ದು ಸುಧಾ. ಮೊದಲು ಬಾಗಿಲು. ಆಮೇಲೆ ಒಲೆ. ಕಡೆಗೆ ನಾನು ಗಂಜಿ ಕೊಡುವಾಗ, ನೀನು ಯಾರ ಮನೆಯ ಹುಡುಗಿ ಅಂತ ಕೇಳಿದ್ರು." ಕೈ ಚಾಚಿ ಫ್ರೀಜರಿನ ಮೇಲಿನ ಗಣಪತಿಯನ್ನು ಎತ್ತಿಕೊಂಡಳು. "ನಾನು ನಿನ್ನನ್ನು ಹಾಗೆ ಕೇಳಿದ್ರೆ ಬೇಜಾರು ಮಾಡ್ಬೇಡ, ಆಯ್ತಾ?"

ಈಗಲಾದರೂ ಹೇಳಿದೆನೇ? ಇಲ್ಲ. ಚಪ್ಪಲಿ ಹಾಕಿಕೊಂಡು ಬಶೀರ್ ಮೇಷ್ಟ್ರ ಮನೆಗೆ ಓಡಿದೆ. ಗುಟ್ಟಾಗಿ ಆ ಬಟನ್ನನ್ನು ಕಿತ್ತುಹಾಕಿದರೆ ನಾಳೆಯಿಂದ ಬಾಗಿಲು ತೆರೆಯುವುದಿಲ್ಲ, ಅಕ್ಕನ ಮರೆವು ತಿಮರೆಯಿಂದ ಗುಣವಾಯಿತು ಎಂದಾಗುತ್ತದೆ. ಊರಿನ ಸೊಪ್ಪಿಗೂ ಹೆಸರು, ನನಗೂ ಮರ್ಯಾದೆ. ಮೇಷ್ಟ್ರು ಮನೆಯ ಮುಂದೆಯೇ ಕಾರು ಒರೆಸುತ್ತಿದ್ದರು. "ಕೂಲಿಂಗ್ ಬಟನ್ ಪ್ರಾಬ್ಲಮ್. ಐ ರಿಮೂವ್," ಎಂದೆ.

ಅವರು ಬಟ್ಟೆಯನ್ನು ಎದೆಗೆ ಒತ್ತಿಕೊಂಡರು. "ಲಾ ಲಾ! ನೋ ರಿಮೂವ್! ನೋ ಪ್ರಾಬ್ಲಮ್. ಲುಕ್, ಐ ಶೋ ಯು!" ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಒಳಗೆ ಕೂತು, ಎಸಿ ಹಾಕಿ, ಮಂಜಿನ ಹೂವನ್ನು ಒತ್ತಿದರು.

ಓಣಿಯ ಆ ಬದಿಯಲ್ಲಿ ನಮ್ಮ ಶಟರ್ ಗರಗರ ಎಂದು ಏಳತೊಡಗಿತು. ಮೊದಲು ಅಕ್ಕನ ಪಾದ ಕಂಡಿತು, ಆಮೇಲೆ ಚೂಡಿದಾರ, ಆಮೇಲೆ ಕೈಯಲ್ಲಿ ಹಿಡಿದ ಗಣಪತಿ, ಕಡೆಗೆ ಬಾಯಿ ತೆರೆದ ಮುಖ.

"ಫೀಲ್!" ಎಂದು ಮೇಷ್ಟ್ರು ನನ್ನ ಕೈಯನ್ನು ಎಸಿಯ ಗಾಳಿಗೆ ಹಿಡಿದು ಮತ್ತೆ ಒತ್ತಿದರು. ಅಕ್ಕ ಮುಖದಿಂದ ಪಾದದವರೆಗೆ ಮಾಯವಾದಳು. "ಮೋರ್!" ಎಂದು ಮತ್ತೆ ಒತ್ತಿದರು. ಪಾದ, ಚೂಡಿದಾರ, ಗಣಪತಿ, ಅಕ್ಕ.

ಮೇಷ್ಟ್ರ ಬೆರಳು ಅಲ್ಲೇ ನಿಂತಿತು. ಒಮ್ಮೆ ಬಟನ್ ನೋಡಿದರು, ಒಮ್ಮೆ ಅಕ್ಕನನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು. ಪಾಠ ಹೇಳುವವರಲ್ಲವೇ, ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಅಸ್ತಗ್‌ಫಿರುಲ್ಲಾ!" ಎಂದು ದೇವರ ಕ್ಷಮೆ ಕೇಳಿ ತಲೆ ಹಿಡಿದುಕೊಂಡರು. "ಡೈಲಿ ಐ ಓಪನ್ ಸಿಸ್ಟರ್ ಹೌಸ್?"

ಅವರು ಇಳಿದು, ನನ್ನ ಮಣಿಕಟ್ಟು ಹಿಡಿದು, ತಪ್ಪು ಮಾಡಿದ ಹುಡುಗನನ್ನು ಹೆಡ್ಮಾಸ್ಟರರ ಬಳಿ ಎಳೆದೊಯ್ಯುವ ಹಾಗೆ ಅಕ್ಕನ ಮುಂದೆ ತಂದು ನಿಲ್ಲಿಸಿದರು. ಆಮೇಲೆ ತಾವೇ ಎದೆಯ ಮೇಲೆ ಕೈಯಿಟ್ಟು, "ಸಿಸ್ಟರ್, ಫರ್ಗಿವ್ ಮಿ. ಐ ವಾಂಟ್ ಓನ್ಲಿ ಕೂಲಿಂಗ್," ಎಂದು ತಲೆ ತಗ್ಗಿಸಿದರು. ಯಾವ ತಪ್ಪೂ ಮಾಡದ ಮನುಷ್ಯ ಅಷ್ಟು ಸಲೀಸಾಗಿ ಕ್ಷಮೆ ಕೇಳಿದ್ದನ್ನು ನಾನು ಬಾಯಿ ಮುಚ್ಚಿಕೊಂಡು ನೋಡಿದೆ.

ಅಕ್ಕ ಗಣಪತಿಯನ್ನು ಫ್ರೀಜರಿನ ಮೇಲೆ ಕೂರಿಸಿ, ನೆಟ್ಟಗೆ ಓಣಿಯ ಕೊನೆಗೆ ನಡೆದು ತನ್ನ ಹಳೆಯ ಕಾರಿನಲ್ಲಿ ಕೂತಳು. ಕನ್ನಡಿಯ ಕೆಳಗಿನ ಸ್ಟಿಕ್ಕರನ್ನು ನೋಡಿದಳು. ಉಗುರಿನಿಂದ ಮೆಲ್ಲನೆ ಕೆರೆದಳು. ಮಂಜಿನ ಹೂ ಸುರುಳಿಯಾಗಿ ಬಂತು, ಅಡಿಯಲ್ಲಿ ಪುಟ್ಟ ಮನೆ ಹಾಗೆಯೇ ಇತ್ತು. ಅವಳು ಎರಡು ತುದಿಯ ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿದುಕೊಂಡಳು. ದೀಪ ಮಿನುಗಿತು. ಬಿಟ್ಟಳು. ನಡುವಿನದನ್ನು ಒತ್ತಿದಳು. ಶಟರ್ ಅಲುಗಲಿಲ್ಲ.

"ಖಲಾಸ್," ಎಂದಳು.

"ನಿನಗೆ ಗೊತ್ತಿತ್ತಾ ಅದು?" ಎಂದು ಕೇಳಿದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ.

"ಹೊಸ ಕಾರು ತೆಗೊಳ್ಳುವಾಗ, ಹಳೆಯದರಲ್ಲಿ ಹೀಗೆ ಅಳಿಸಿ ಅಂತ ಶೋರೂಮಿನವ ತೋರಿಸಿದ್ದ. ಒಂದೇ ಸಲ ತೋರಿಸಿದ್ದು." ಹೀಗೆಂದವಳು ತಟ್ಟನೆ ನಿಲ್ಲಿಸಿದಳು. ತಾನು ಏನು ಹೇಳಿದೆ ಎಂಬುದು ಅವಳಿಗೇ ಆಗ ಕೇಳಿಸಿರಬೇಕು. ಒಂದೇ ಸಲ ತೋರಿಸಿದ್ದು, ತಿಂಗಳುಗಳ ಹಿಂದೆ, ನೆನಪಿದೆ. ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಕಣ್ಣು ತುಂಬಿಕೊಂಡಿತು. ಬೈಗುಳಕ್ಕೂ ಬಾಯಿ ತೆರೆದಿತ್ತು, ಆದರೆ ಯಾವುದು ಮೊದಲು ಬರಬೇಕೆಂದು ತೀರ್ಮಾನವಾಗದೆ ಅವಳು ನನ್ನನ್ನೇ ನೋಡುತ್ತಾ ಕೂತಳು. "ನನ್ನನ್ನು ಕೇಳಿದ್ರೆ ಆಗ್ತಿರಲಿಲ್ವಾ ಮಾರಾಯ?" ಎಂದಳು ಕಡೆಗೆ.

"ಅಂಡ್ ಕೂಲಿಂಗ್?" ಎಂದು ಹಿಂದಿನಿಂದ ಬಶೀರ್ ಮೇಷ್ಟ್ರು ಮೆತ್ತಗೆ ವಿಚಾರಿಸಿದರು. ಅಕ್ಕ ಅವರ ಕಡೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಯಾವ ನದಿ ಎಲ್ಲಿ ಹುಟ್ಟುತ್ತದೆಂದು ಕೇಳಿದರೂ ಎದ್ದು ನಿಂತು ಉತ್ತರ ಕೊಟ್ಟವನು ನಾನು. ಈಗ ಕಾರಿನ ತೆರೆದ ಬಾಗಿಲಿನ ಪಕ್ಕ ಅಕ್ಕನ ಕಾಲಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತೆ. ಹೊಸ ಕಾರಿನ ಕೀಯನ್ನು ಅವಳ ಮಡಿಲಲ್ಲಿ ಇಟ್ಟೆ. ಇಡೀ ಓಣಿಗೆ ಕೇಳಿದರೆ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಅಕ್ಕಾ, ನೀನು ಒಂದು ದಿನವೂ ಬಾಗಿಲು ಮರೆಯಲಿಲ್ಲ. ಅಳಿಸುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ತಪ್ಪಾಯ್ತು."